ಸಿಸ್ಟರ್ ಊಟಕ್ಕೆ ಹೋಗ್ಯಾರ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲದ ಪತ್ರಗಳೆಲ್ಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶಾಲೆಗಳಿಂದ ಬಂದವು. ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಜಮಖಂಡಿ ಹತ್ತಿರದ ವಸತಿ ಶಾಲೆಯೊಂದರಲ್ಲಿ ನರ್ಸ್ ಆಗಿದ್ದೇನೆ. 420 ಮಕ್ಕಳು, ನಾನೊಬ್ಬಳೇ. ಒಂದು ಗಂಟೆಗೆ ಡಬ್ಬಿ ಬಿಚ್ಚುತ್ತೇನೆ. ರೊಟ್ಟಿ ಮುರಿದು ಪಲ್ಯ ಹಚ್ಚಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ "ಸಿಸ್ಟರ್, ಸಿಸ್ಟರ್" ಅಂತ ನಾಲ್ಕು ಮಕ್ಕಳು. ನೆಟ್ಟಗೆ ಕೂತು ಉಂಡ ದಿನವೇ ನೆನಪಿಲ್ಲ. ಮಕ್ಕಳನ್ನು ಹೊರಗೆ ನಿಲ್ಲಿಸಿ ಉಣ್ಣಲು ಮನಸ್ಸೂ ಒಪ್ಪುವುದಿಲ್ಲ. ಏನು ಮಾಡಲಿ?
(ಬಾಗಲಕೋಟೆ ಜಿಲ್ಲೆ)

ಉತ್ತರ: ಮೊದಲು ಗಂಟೆ ಬದಲಿಸಿ. ಮಕ್ಕಳು ಉಣ್ಣುವ ಹೊತ್ತಿಗೇ ನೀವೂ ಉಣ್ಣಲು ಕೂತರೆ ಯಾವ ಬಾಗಿಲೂ ನಿಮ್ಮನ್ನು ಕಾಪಾಡುವುದಿಲ್ಲ. ಊಟದ ಬಿಡುವಿನ ಮೊದಲ 20 ನಿಮಿಷ ಮಕ್ಕಳು ತಾಟಿನ ಮುಂದೆ ಇರುತ್ತಾರೆ. ಆಮೇಲೆ ಬಯಲಿಗೆ ಓಡುತ್ತಾರೆ. ಬೀಳುವುದು, ಮೊಣಕಾಲು ತರಚುವುದು, ಮೂಗಿನಿಂದ ರಕ್ತ ಬರುವುದು ಎಲ್ಲ ಆಗಲೇ. ಗಂಟೆ ಬಾರಿಸಿತೋ, ಹೊಟ್ಟೆನೋವಿನವರು ಬರುತ್ತಾರೆ. ದಿನದಲ್ಲಿ ನಿಮ್ಮ ಕೋಣೆಗೆ ಅತಿ ಹೆಚ್ಚು ಕೆಲಸ ಇರುವ ತಾಸು ಅದು. ಆ ತಾಸು ನೀವು ಕೆಲಸದ ಮೇಲಿರಬೇಕು, ಹೊಟ್ಟೆ ತುಂಬಿರಬೇಕು.

ಹಾಗಾಗಿ ನಿಮ್ಮ ಊಟ 12ರಿಂದ 12.40. ಆಗ ಪ್ರತಿ ಮಗುವೂ ಒಬ್ಬ ಶಿಕ್ಷಕರ ಕಣ್ಣೆದುರು ತರಗತಿಯಲ್ಲಿ ಇರುತ್ತದೆ, ಅದರ ಜವಾಬ್ದಾರಿ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ. 40 ನಿಮಿಷ ಏಕೆಂದರೆ ಕೈತೊಳೆದು, ಬಟ್ಟೆ ಸರಿಮಾಡಿಕೊಂಡು ಕೂರಲು 5 ನಿಮಿಷ, ಊಟಕ್ಕೆ 25, ಸುಮ್ಮನೆ ಬೆನ್ನು ಆನಿಸಿ ಕೂರಲು 10. 30 ನಿಮಿಷಕ್ಕಿಂತ ಕಡಿಮೆಗೆ ಒಪ್ಪಬೇಡಿ. 12 ಗಂಟೆ ಹೊಂದದಿದ್ದರೆ 2.15ರ ನಂತರ. ಆದರೆ ಬೆಳಿಗ್ಗೆ 8ಕ್ಕೆ ಉಪ್ಪಿಟ್ಟು ತಿಂದವರಿಗೆ ಎರಡೂಕಾಲು ತೀರಾ ತಡ. ಹಸಿದ ನರ್ಸಿನ ಕೈ ಔಷಧದ ಅಳತೆಯಲ್ಲಿ ತಪ್ಪುವುದು ಆ ಹೊತ್ತಿನಲ್ಲೇ.

ಗಂಟೆ ಬದಲಿಸುವ ಮುಂಚೆ ಹತ್ತು ಕೆಲಸದ ದಿನ ಒಂದು ನೋಟ್‌ಬುಕ್ ಬರೆಯಿರಿ. ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಉದ್ದಗೆರೆ ಎಳೆದು ಆರು ಕಾಲಮ್ಮು ಮಾಡಿ: ಮಗು ಬಂದ ಸಮಯ, ತರಗತಿ, ಏನಾಗಿದೆ, ನೀವು ಮಾಡಿದ್ದು, ಹಿಡಿದ ನಿಮಿಷ, ಕೊನೆಯದರಲ್ಲಿ "ಕಾಯಬಹುದಿತ್ತು" ಅಥವಾ "ಕಾಯುವಂತಿರಲಿಲ್ಲ". ಈ ಕೊನೆಯ ಕಾಲಮ್ಮನ್ನು ಮಗು ಹೋದ ಕೂಡಲೇ ತುಂಬಬೇಕು. ಸಂಜೆ ಕೂತು ತುಂಬಿದರೆ ಎಲ್ಲವೂ "ಕಾಯಬಹುದಿತ್ತು" ಎಂದೇ ಕಾಣುತ್ತದೆ, ಪುಸ್ತಕ ಸುಳ್ಳಾಗುತ್ತದೆ. ಮುಖ್ಯೋಪಾಧ್ಯಾಯರ ಮುಂದೆ "ನನಗೆ ಉಣ್ಣಲು ಬಿಡುವುದಿಲ್ಲ" ಎಂದರೆ ಅದು ದೂರಾಗುತ್ತದೆ. ಪುಸ್ತಕ ತೆರೆದು ತೋರಿಸಿದರೆ ಅದು ಲೆಕ್ಕ.

ಇನ್ನು ಬಾಗಿಲು. ಅದರ ಮೇಲೆ "ಊಟದ ಸಮಯ, ಒಳಗೆ ಬರಬೇಡಿ" ಎಂದು ಬರೆಯಬೇಡಿ. ಸಣ್ಣ ಮಕ್ಕಳು ಓದುವುದಿಲ್ಲ, ದೊಡ್ಡವರು ಹೆದರುತ್ತಾರೆ. ಹೆದರಿ ವಾಪಸು ಹೋದ ಮಗುವೇ ಮುಂದೆ ನಿಮ್ಮ ತೊಂದರೆ. "ಸಿಸ್ಟರ್ ಊಟಕ್ಕೆ ಹೋಗ್ಯಾರ. 12.40ಕ್ಕೆ ಬರ್ತಾರ. ಈಗ ಇಲ್ಲಿ ಇಂಥಾ ಟೀಚರ್ ಅದಾರ" ಎಂದು ಬರೆದು ತೂಗುಹಾಕಿ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ನಾಲ್ಕೇ ಮಾತು: ಉಸಿರು, ಎಚ್ಚರ, ರಕ್ತ, ವಿಷ.

ಈ ನಾಲ್ಕರಲ್ಲಿ ಒಂದು ಇದ್ದರೂ ಊಟದ ತಾಟಿನ ಮುಂದಿನಿಂದ ನಿಮ್ಮನ್ನು ಎಬ್ಬಿಸಬೇಕು, ಇಲ್ಲದಿದ್ದರೆ ಎಬ್ಬಿಸಬಾರದು. ಉಸಿರು ಎಂದರೆ ಮಗು ಒಂದು ಪೂರ್ತಿ ವಾಕ್ಯ ಆಡಲಾರದಷ್ಟು ಏದುಸಿರು, ಅಥವಾ ತುತ್ತು ಗಂಟಲಿಗೆ ಸಿಕ್ಕಿದ್ದು. ಎಚ್ಚರ ಎಂದರೆ ಮೂರ್ಛೆ, ಫಿಟ್ಸ್, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ ಅಥವಾ ತೂಕಡಿಕೆ. ರಕ್ತ ಎಂದರೆ ಬಟ್ಟೆಯಿಂದ 10 ನಿಮಿಷ ಒತ್ತಿ ಹಿಡಿದರೂ ನಿಲ್ಲದ್ದು. ಚಿಮ್ಮುತ್ತಿದ್ದರೆ ಆ 10 ನಿಮಿಷವನ್ನೂ ಕಾಯಬಾರದು, ಒತ್ತಿ ಹಿಡಿದುಕೊಂಡೇ ಕರೆಯಬೇಕು. ವಿಷ ಎಂದರೆ ಹಾವು, ಚೇಳು, ನುಂಗಬಾರದ್ದನ್ನು ನುಂಗಿದ್ದು. ನಮ್ಮ ಕಡೆ ಕಲ್ಲುಗೋಡೆ, ಕಟ್ಟಿಗೆ ರಾಶಿ, ಬಯಲಲ್ಲಿ ಬಿಟ್ಟ ಬೂಟು ಇರುವಲ್ಲೆಲ್ಲ ಚೇಳು ಇರುತ್ತದೆ. ಕಡಿದ ಜಾಗ ಬರೀ ನೋಯುತ್ತಿದೆಯೋ, ಅಥವಾ ಮಗು ಬೆವರಿ, ಕೈಕಾಲು ತಣ್ಣಗಾಗಿ, ವಾಂತಿ ಮಾಡುತ್ತಿದೆಯೋ ಎಂದು ನೋಡಬೇಕು. ಎರಡನೆಯದಾದರೆ ಆಸ್ಪತ್ರೆಗೆ ಹೊರಡುವುದು ಅರ್ಧ ತಾಸು ತಡವಾಗುವುದೂ ಅಪಾಯ. ಹಾವು ಕಡಿದಿದ್ದರೆ ಹಗ್ಗ ಬಿಗಿಯುವುದು, ಕೊಯ್ಯುವುದು ಏನೂ ಬೇಡ. ಮಗುವನ್ನು ನಡೆಸದೆ, ಕಡಿದ ಕೈ ಅಥವಾ ಕಾಲು ಅಲುಗಾಡದಂತೆ ಹಿಡಿದು 108ಕ್ಕೆ ಕರೆ ಮಾಡಬೇಕು.

ಇದರ ಜೊತೆ ಒಂದು ಸಣ್ಣ ಪಟ್ಟಿ ಬಾಗಿಲ ಒಳಬದಿಗೆ ಇರಲಿ. ಆಸ್ತಮಾ, ಫಿಟ್ಸ್, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಮಕ್ಕಳ ಹೆಸರು, ತರಗತಿ. ಈ ಮಕ್ಕಳು "ಏನೋ ಒಂಥರಾ ಆಗ್ತದ" ಎಂದರೂ ನಿಮ್ಮನ್ನು ಕರೆಯಬೇಕು. ಪಟ್ಟಿ ಒಳಬದಿಗೇ ಇರಲಿ, ಬೇರೆ ಮಕ್ಕಳ ಬಾಯಿಗೆ ಬೀಳಬಾರದು.

ಉಳಿದದ್ದಕ್ಕೆ ಹೊರಗೆ ಒಂದು ಡಬ್ಬ ಇಡಿ. ಗಾಯಕ್ಕೆ ಇಡುವ ಗಾಜ್ ಬಟ್ಟೆಯ ಹತ್ತು ತುಂಡು, ಇಪ್ಪತ್ತು ಅಂಟುಪಟ್ಟಿ, ಒಂದು ಕ್ರೇಪ್ ಬ್ಯಾಂಡೇಜು, ಐದು ಜೊತೆ ಕೈಗವಸು, ಸಾಬೂನು, ಒಂದು ಲೀಟರ್ ಸ್ವಚ್ಛ ನೀರು, ಓಆರ್‌ಎಸ್ ಪೊಟ್ಟಣ ಎರಡು, ಸಕ್ಕರೆ ಡಬ್ಬಿ, ವಾಂತಿಗೆ ನಾಲ್ಕು ಚೀಲ. ಓಆರ್‌ಎಸ್ ಪೊಟ್ಟಣದ ಮೇಲೆ ನೀರಿನ ಅಳತೆಯನ್ನು ದೊಡ್ಡದಾಗಿ ಬರೆದಿಡಿ. 21 ಗ್ರಾಂ ಆಸುಪಾಸಿನ ದೊಡ್ಡದಕ್ಕೆ 1 ಲೀಟರ್, 4 ಗ್ರಾಂ ಆಸುಪಾಸಿನ ಸಣ್ಣದಕ್ಕೆ 200 ಮಿ.ಲೀ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಸುವುದು ಪದೇಪದೇ ಆಗುವ ತಪ್ಪು. ಅಷ್ಟು ಉಪ್ಪು ಮಗುವಿಗೆ ಒಳ್ಳೆಯದಲ್ಲ. ಹುಡುಗಿಯರ ಪ್ಯಾಡು ಈ ಡಬ್ಬದಲ್ಲೂ ಬೇಡ, ನಿಮ್ಮ ಕೋಣೆಯಲ್ಲೂ ಬೇಡ. ಒಬ್ಬ ಟೀಚರಮ್ಮನ ಕಪಾಟಿನಲ್ಲೋ ಹುಡುಗಿಯರ ಶೌಚಾಲಯದ ಪಕ್ಕದಲ್ಲೋ ಇರಲಿ. ಇದೊಂದರಿಂದಲೇ ನಿಮ್ಮ ಬಾಗಿಲಿಗೆ ಬರುವವರು ಎಷ್ಟು ಕಡಿಮೆಯಾಗುತ್ತಾರೆ ಎಂಬುದನ್ನು ನಿಮ್ಮ ನೋಟ್‌ಬುಕ್ಕೇ ಹೇಳುತ್ತದೆ, ಹುಡುಗಿಯರಿಗೂ ಹಗುರ.

ಡಬ್ಬದಲ್ಲಿ ಮಾತ್ರೆ ಒಂದೂ ಇರಬಾರದು, ಪ್ಯಾರಾಸಿಟಮಾಲ್ ಕೂಡ. ಆ ಮಾತ್ರೆಯ ಅಳತೆ ಮಗುವಿನ ತೂಕದ ಮೇಲೆ, ಕಿಲೋಗೆ ಸುಮಾರು 15 ಮಿ.ಗ್ರಾಂ, ಮತ್ತೊಂದು ಸಲ ಕೊಡಲು ಕನಿಷ್ಠ 4 ತಾಸು ಬಿಡಬೇಕು. 12.15ಕ್ಕೆ ಟೀಚರ್ ಒಂದು ಕೊಟ್ಟು ಬರೆಯದೆ ಬಿಟ್ಟರೆ, 1 ಗಂಟೆಗೆ ನೀವು ಇನ್ನೊಂದು ಕೊಡುತ್ತೀರಿ. ಕಪಾಟಿನ ಬೀಗದಕೈ ಊಟಕ್ಕೆ ಹೋಗುವಾಗಲೂ ನಿಮ್ಮ ಸೊಂಟದಲ್ಲೇ ಇರಲಿ.

ಕೊನೆಗೆ, ಆ 40 ನಿಮಿಷ ಕೋಣೆಯಲ್ಲಿ ಕೂರುವವರು ಯಾರು? "ಯಾರಾದರೂ ನೋಡ್ಕೋತಾರ" ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಹೆಸರು ಹಿಡಿದು ಇಬ್ಬರು ಬೇಕು, ದಿನ ಬಿಟ್ಟು ದಿನ. ಇಬ್ಬರಿಗೂ ಪ್ರಥಮ ಚಿಕಿತ್ಸೆಯ ತರಬೇತಿ ಆಗಿರಲಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್ ಇಂಥ ತರಬೇತಿ ಕೊಡುತ್ತವೆ. ಶಿಕ್ಷಕರ ಬಿಡುವಿನ ಪಿರಿಯಡ್ ಕೇಳುವಾಗ ಬರಿಗೈಲಿ ಹೋಗಬೇಡಿ. "ವಾರಕ್ಕೊಂದು ಪಿರಿಯಡ್ ನಿಮ್ಮ ತರಗತಿಗೆ ನಾನು ಆರೋಗ್ಯದ ಪಾಠ ತಗೊಳ್ತೀನಿ" ಎನ್ನಿ. ಹಲ್ಲು, ಉಗುರು, ಹೇನು, ಮುಟ್ಟು ಎಂದು ನಿಮ್ಮ ಬಳಿ ಹೇಳುವುದು ಬೇಕಾದಷ್ಟಿದೆ. ಅವರಿಗೂ ಒಂದು ಬಿಡುವು ಸಿಕ್ಕಿತು.

ಮಂಚದ ಮೇಲೆ ಜ್ವರದ ಮಗು ಮಲಗಿದ್ದರೆ ಎರಡು ಸಾಲು ಬರೆದಿಟ್ಟು ಏಳಿ: ಯಾರು, ಏನಾಗಿದೆ, ಎಷ್ಟು ಹೊತ್ತಿಗೆ ಏನು ಕೊಟ್ಟಿದೆ, ಏನು ಕಂಡರೆ ಕರೆಯಬೇಕು. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಟೈಪ್ 1 ಡಯಾಬಿಟಿಸ್ ಇರುವ ಆರನೇ ತರಗತಿಯ ಹುಡುಗ ಇದ್ದಾನೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಇನ್ಸುಲಿನ್ ನಾನೇ ಕೊಡಬೇಕು. ಅವನಿಗಾಗಿ ಕಾಯುತ್ತಾ ನನ್ನ ಊಟ ಮೂರು ಗಂಟೆಗೆ ಹೋಗುತ್ತದೆ.
(ವಿಜಯಪುರ)

ಉತ್ತರ: ನಿಮ್ಮ ಊಟ ಅವನ ಇನ್ಸುಲಿನ್ನಿಗಿಂತ ಮುಂಚೆ ಮುಗಿಯಬೇಕು. ಮೇಲಿನ ಪತ್ರಕ್ಕೆ ಹೇಳಿದ 12 ಗಂಟೆ ನಿಮಗೆ ಇನ್ನೂ ಹೆಚ್ಚು ಹೊಂದುತ್ತದೆ. ಯಾವ ಇನ್ಸುಲಿನ್ ಎಂಬುದರ ಮೇಲೆ ಲೆಕ್ಕ ನಿಲ್ಲುತ್ತದೆ. ರೆಗ್ಯುಲರ್ ಎಂಬ ಬಗೆಯಾದರೆ ಊಟಕ್ಕೆ 30 ನಿಮಿಷ ಮುಂಚೆ, ಬೇಗ ಕೆಲಸ ಮಾಡುವ ಬಗೆಯಾದರೆ 10ರಿಂದ 15 ನಿಮಿಷ ಮುಂಚೆ. ಊಟದ ಗಂಟೆ 1ಕ್ಕೆ ಎಂದಿಟ್ಟುಕೊಂಡರೆ ರೆಗ್ಯುಲರಿಗೆ ನೀವು 12.25ಕ್ಕೆ ಗ್ಲುಕೋಮೀಟರ್ ಹಿಡಿದು ಕೂತಿರಬೇಕು, ಊಟ 11.45ಕ್ಕೇ ಶುರುವಾಗಬೇಕು. ಇನ್ನೊಂದು ಬಗೆಯಾದರೆ 12.40ಕ್ಕೆ ಎದ್ದು ಬಂದರೂ ಸಾಕು.

ಎಡವಟ್ಟಾಗುವುದು ಚುಚ್ಚುಮದ್ದಿನಲ್ಲಿ ಅಲ್ಲ, ಅದರ ಮುಂದಿನ ಅರ್ಧ ತಾಸಿನಲ್ಲಿ. ಹುಡುಗ ಇನ್ಸುಲಿನ್ ತಗೊಂಡು, ಗೆಳೆಯರ ಜೊತೆ ಒಂದು ಸುತ್ತು ಓಡಿ, ಪಂಕ್ತಿಯ ಕೊನೆಗೆ ಕೂರುತ್ತಾನೆ. ಅನ್ನ ಅವನ ತಾಟಿಗೆ ಬರುವಷ್ಟರಲ್ಲಿ 1.25. ಅಷ್ಟರಲ್ಲಿ ಸಕ್ಕರೆ ಇಳಿದು ಕೈ ನಡುಗುತ್ತದೆ, ಬೆವರುತ್ತಾನೆ, ಸಿಟ್ಟು ಮಾಡುತ್ತಾನೆ. ಆದ್ದರಿಂದ ಅವನು ಪ್ರತಿದಿನ ಪಂಕ್ತಿಯಲ್ಲಿ ಮೊದಲು ಕೂರಬೇಕು. ಅಡುಗೆಯವರಿಗೆ ಅವನ ಮುಖ ಗೊತ್ತಿರಬೇಕು, ಬಡಿಸುವುದು ಅವನಿಂದ ಶುರುವಾಗಬೇಕು. ಊಟ ತಡವಾಗುವ ದಿನ ಅಡುಗೆಮನೆಯಿಂದ ನಿಮಗೆ ಮುಂಚೆಯೇ ಸುದ್ದಿ ಬರಬೇಕು, ಚುಚ್ಚುವುದನ್ನೂ ಅಷ್ಟೇ ಮುಂದಕ್ಕೆ ಹಾಕಬೇಕು.

ನೀವು ಊಟಕ್ಕೆ ಕೂತಾಗ ಅವನಿಗೆ ಹೀಗಾದರೆ ತರಗತಿಯ ಶಿಕ್ಷಕರು ಏನು ಮಾಡಬೇಕು ಎಂಬುದನ್ನು ಅವರ ಮೇಜಿನ ಗಾಜಿನ ಕೆಳಗೆ ಬರೆದಿಡಿ. 3 ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಕುಡಿಸುವುದು, ಅಂದರೆ ಸುಮಾರು 15 ಗ್ರಾಂ. ಒಬ್ಬನನ್ನೇ ನಿಮ್ಮ ಕೋಣೆಗೆ ನಡೆಸಿ ಕಳಿಸಬಾರದು, ನಿಮಗೆ ಫೋನ್ ಮಾಡಬೇಕು. ನೀವು ಬಂದು 15 ನಿಮಿಷದ ಮೇಲೆ ಮತ್ತೆ ಪರೀಕ್ಷೆ ಮಾಡುತ್ತೀರಿ, ರಕ್ತದ ಸಕ್ಕರೆ 70ಕ್ಕಿಂತ ಕಡಿಮೆಯೇ ಇದ್ದರೆ ಮತ್ತೆ ಅಷ್ಟೇ ಸಕ್ಕರೆ. ಶೇಂಗಾ ಚಿಕ್ಕಿ ಕೊಡುವ ರೂಢಿ ಇದೆ, ಅದು ಬೇಡ. ಶೇಂಗಾದ ಎಣ್ಣೆ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಪಕ್ಕಕ್ಕೆ ಮಲಗಿಸಿ, ನಿಮ್ಮನ್ನೂ 108ನ್ನೂ ಕರೆಯಬೇಕು. ಇನ್ಸುಲಿನ್ನಿನ ಯೂನಿಟ್ಟು ಮಾತ್ರ ಬೇರೆ ಯಾರ ಕೈಗೂ ಬಿಡಬೇಡಿ.

ವಿಜಯಪುರದ ಏಪ್ರಿಲ್ ಬಿಸಿಲಿಗೆ ಒಂದು ಮಾತು. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಐಸ್ ಕಟ್ಟುವ ಜಾಗದಲ್ಲಿ ಅಲ್ಲ. ಕರೆಂಟು ದಿನವಿಡೀ ಹೋಗುವ ಊರಾದರೆ ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ಬಳಸುತ್ತಿರುವ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಡಿಗೆಯಲ್ಲಿಡಿ. ಮರಳು ಬೆಳಿಗ್ಗೆ, ಮಧ್ಯಾಹ್ನ ಎರಡು ಹೊತ್ತು ತೋಯಿಸಬೇಕು. ಒಣಗಿದ ಗಡಿಗೆ ತಂಪು ಕೊಡುವುದಿಲ್ಲ.

ಪ್ರಶ್ನೆ: ನಾನು ಮುಖ್ಯೋಪಾಧ್ಯಾಯ. ನಮ್ಮ ಸಿಸ್ಟರ್ ಊಟಕ್ಕೆ ಬಿಡುವು ಕೇಳುತ್ತಿದ್ದಾರೆ. ಕೊಡಬೇಕೆಂಬ ಮನಸ್ಸಿದೆ. ಆದರೆ ಅವರು ಉಣ್ಣುವಾಗ ಮಗುವಿಗೆ ಏನಾದರೂ ಆದರೆ ಪಾಲಕರಿಗೆ ನಾನು ಏನು ಹೇಳಲಿ?
(ಗೋಕಾಕ ತಾಲ್ಲೂಕು)

ಉತ್ತರ: ಸರ್, ಈಗಲೂ ಅವರು ಶೌಚಾಲಯಕ್ಕೆ ಹೋಗುತ್ತಾರೆ, ಒಂದು ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗುತ್ತಾರೆ, ರಜೆ ಹಾಕುತ್ತಾರೆ. ಆಗೆಲ್ಲ ಉಳಿದ ಮಕ್ಕಳಿಗೆ ಯಾರೂ ಇರುವುದಿಲ್ಲ, ಅದು ಯಾವ ಕಾಗದದಲ್ಲೂ ಇಲ್ಲ. ನೀವು ಹೇಳುವ ಅಪಾಯ ಇರುವುದು ಅಲ್ಲಿ. ಊಟದ ಬಿಡುವಿಗಾಗಿ ಮಾಡುವ ವ್ಯವಸ್ಥೆ ಆ ಎಲ್ಲ ಹೊತ್ತಿಗೂ ಆಗಿಬರುತ್ತದೆ.

ಅಳತೆಗೋಲು ಬೇಕಿದ್ದರೆ, 1948ರಲ್ಲೇ ಕಾರ್ಖಾನೆ ಕಾಯ್ದೆಯ 55ನೇ ಕಲಮು ಯಾವ ಕಾರ್ಮಿಕನೂ ಕನಿಷ್ಠ ಅರ್ಧ ತಾಸು ವಿಶ್ರಾಂತಿ ಇಲ್ಲದೆ 5 ತಾಸಿಗಿಂತ ಹೆಚ್ಚು ದುಡಿಯಬಾರದು ಎಂದು ಬರೆಯಿತು. ಶಾಲೆ ಕಾರ್ಖಾನೆಯಲ್ಲ, ಆ ಕಲಮು ನಿಮಗೆ ಅನ್ವಯಿಸುವುದೂ ಇಲ್ಲ. ಆದರೆ ಯಂತ್ರದ ಮುಂದೆ ನಿಂತವನಿಗೆ ಸಲ್ಲುವ ಅರ್ಧ ತಾಸು ಮಕ್ಕಳ ಔಷಧ ಅಳೆಯುವವರಿಗೆ ಸಲ್ಲುವುದಿಲ್ಲ ಎನ್ನಲಾಗದು.

ಬಾಯಿಮಾತಿನ ಒಪ್ಪಿಗೆ ಎರಡು ವಾರ ಬಾಳುತ್ತದೆ. ಸುತ್ತೋಲೆ ಹೊರಡಿಸಿ, ಎಲ್ಲ ಶಿಕ್ಷಕರ ಸಹಿ ತೆಗೆದುಕೊಳ್ಳಿ. ಇಷ್ಟು ಬರೆದರೆ ಸಾಕು:

"ಶಾಲಾ ನರ್ಸ್ ಅವರ ಊಟದ ಬಿಡುವು ಪ್ರತಿದಿನ 12ರಿಂದ 12.40. ಈ ಹೊತ್ತಿನಲ್ಲಿ ಆರೋಗ್ಯ ಕೋಣೆಯ ಹೊಣೆ ಸೋಮ, ಬುಧ, ಶುಕ್ರ (ಹೆಸರು), ಮಂಗಳ, ಗುರು, ಶನಿ (ಹೆಸರು) ಅವರದು. ಹೊಣೆಯವರು ರಜೆಯಲ್ಲಿದ್ದರೆ ಇನ್ನೊಬ್ಬರು ಬರತಕ್ಕದ್ದು. ಮಗುವನ್ನು ಕಳಿಸುವ ಶಿಕ್ಷಕರು ಸಮಯ ಮತ್ತು ಕಾರಣ ಬರೆದು ಸಹಿ ಮಾಡಿದ ಚೀಟಿ ಕೊಡತಕ್ಕದ್ದು. ಉಸಿರು, ಎಚ್ಚರ, ರಕ್ತ, ವಿಷ, ಈ ನಾಲ್ಕಕ್ಕೆ ಮತ್ತು ವಿಶೇಷ ಪಟ್ಟಿಯಲ್ಲಿರುವ ಮಕ್ಕಳಿಗೆ ಚೀಟಿ ಬೇಡ. ನರ್ಸ್ ಅವರನ್ನು ಕೂಡಲೇ ಕರೆಯತಕ್ಕದ್ದು. ಬಿಡುವಿನಲ್ಲಿ ಅವರು ಶಾಲೆಯ ಆವರಣದಲ್ಲೇ ಇರುತ್ತಾರೆ. ಕರೆದು ಬಿಡುವು ಮುರಿದ ದಿನ ಅಷ್ಟು ಹೊತ್ತನ್ನು ಅದೇ ದಿನ ಕೊಡತಕ್ಕದ್ದು."

ಚೀಟಿಯ ಸಾಲನ್ನು ಬಿಡಬೇಡಿ. ಗಣಿತದ ಪಿರಿಯಡ್ಡಿನಲ್ಲಿ ಬರುವ ತಲೆನೋವು ಚೀಟಿ ಬರೆಯುವಷ್ಟರಲ್ಲಿ ಅರ್ಧ ಇಳಿದಿರುತ್ತದೆ. ಕೊನೆಯ ಸಾಲನ್ನಂತೂ ಬಿಡಲೇಬೇಡಿ. ಮುರಿದ ಬಿಡುವು ಮರಳಿ ಸಿಗದಿದ್ದರೆ ತಿಂಗಳೊಳಗೆ ಬಿಡುವೇ ಇಲ್ಲದಂತಾಗುತ್ತದೆ.

ಪಾಲಕರ ಸಭೆಯಲ್ಲಿ ನೀವೇ ಇದನ್ನು ಓದಿ ಹೇಳಿ. ಮುಚ್ಚಿಟ್ಟದ್ದನ್ನು ಕಂಡಾಗ ಪಾಲಕರು ಸಿಟ್ಟಾಗುತ್ತಾರೆ, ಮುಂಚೆ ಹೇಳಿದ್ದನ್ನು ಒಪ್ಪುತ್ತಾರೆ.

ಪ್ರಶ್ನೆ: ಊಟದ ಹೊತ್ತಿಗೆ ಫೋನ್ ಬಂದ್ ಮಾಡಿ, ಬಾಗಿಲಿಗೆ ಚಿಲಕ ಹಾಕಬಹುದೇ?
(ಇಂಡಿ)

ಉತ್ತರ: ಎರಡೂ ಬೇಡ. ಫೋನಿನಲ್ಲಿ "ಡು ನಾಟ್ ಡಿಸ್ಟರ್ಬ್" ಹಾಕಿ, ನಕ್ಷತ್ರದ ಗುರುತು ಮಾಡಿದ ನಂಬರುಗಳಿಗೆ ಮಾತ್ರ ರಿಂಗ್ ಆಗುವಂತೆ ಇಡಿ. ಆ ಗುರುತು ಮೂವರಿಗೆ ಸಾಕು: ಹೊಣೆಯ ಇಬ್ಬರು ಶಿಕ್ಷಕರು, ಮುಖ್ಯೋಪಾಧ್ಯಾಯರು. ಚಿಲಕ ಹಾಕುವ ಬದಲು ಬೇರೆ ಕಡೆ ಉಣ್ಣಿ, ಕೋಣೆಯಿಂದ ನಡೆದರೆ 2 ನಿಮಿಷಕ್ಕಿಂತ ದೂರ ಬೇಡ. ಆರೋಗ್ಯ ಕೋಣೆಯಲ್ಲಿ ಡಬ್ಬಿ ಬಿಚ್ಚುವುದು ಬೇರೆ ಕಾರಣಕ್ಕೂ ಸರಿಯಲ್ಲ. ಅಲ್ಲಿ ಗಾಯದ ಹತ್ತಿ, ವಾಂತಿಯ ಬಕೆಟ್ಟು ಇರುತ್ತವೆ. ಔಷಧದ ಫ್ರಿಜ್ಜಿನಲ್ಲಿ ಮೊಸರಿನ ಬಟ್ಟಲು ಇಡುವುದೂ ಬೇಡ. ಬಾಗಿಲು ಪದೇಪದೇ ತೆರೆದಷ್ಟೂ ಒಳಗಿನ ತಂಪು ಇಳಿಯುತ್ತದೆ.

ಪ್ರಶ್ನೆ: ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆ ಕೊಡುವ ದಿನ ಇಡೀ ಶಾಲೆಗೆ ನಾನೊಬ್ಬಳೇ ಹಂಚಬೇಕು. ಅಂದು ಊಟವೇ ಇಲ್ಲ.
(ಅಥಣಿ)

ಉತ್ತರ: ಹಂಚುವವರು ತರಗತಿಯ ಶಿಕ್ಷಕರು, ನೋಡಿಕೊಳ್ಳುವವರು ನೀವು. ಐದನೇ ತರಗತಿವರೆಗೆ ಗುಲಾಬಿ ಮಾತ್ರೆ, ಆರರಿಂದ ನೀಲಿ. ಹಿಂದಿನ ದಿನವೇ ತರಗತಿವಾರು ಎಣಿಸಿ ಲಕೋಟೆಗೆ ಹಾಕಿ, ಮೇಲೆ ಹಾಜರಿ ಸಂಖ್ಯೆ ಬರೆಯಿರಿ. ಸಂಜೆ ಉಳಿದ ಮಾತ್ರೆಯ ಸಮೇತ ಲಕೋಟೆ ವಾಪಸು ಬರಬೇಕು, ಲೆಕ್ಕ ಅಲ್ಲೇ ಸಿಗುತ್ತದೆ. ಊಟವಾದ ಮೇಲೆ, ಶಿಕ್ಷಕರ ಎದುರಿಗೇ ನುಂಗಿಸಬೇಕು. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಓಕರಿಕೆ ಬಂದು ಅರ್ಧ ತರಗತಿ ನಿಮ್ಮ ಬಾಗಿಲಿಗೆ ಬರುತ್ತದೆ. ಮಾತ್ರೆಯ ಜೊತೆ ಚಹಾ ಬೇಡ, ಹಾಲೂ ಬೇಡ. ಮಲ ಕಪ್ಪಾಗುವುದು ಸಹಜ ಎಂದು ಮಕ್ಕಳಿಗೆ ಮುಂಚೆಯೇ ಹೇಳಿದರೆ ಮರುದಿನದ ಸಾಲೂ ತಪ್ಪುತ್ತದೆ. ಜಂತುಹುಳು ಮಾತ್ರೆಯ ದಿನಗಳಾದ ಫೆಬ್ರವರಿ 10 ಮತ್ತು ಆಗಸ್ಟ್ 10 ಮಾತ್ರ ನಿಜಕ್ಕೂ ಬೇರೆ. ಅಂದು 11.30ಕ್ಕೇ ಉಂಡು ಬಿಡಿ.

ಪ್ರಶ್ನೆ: ಮಗುವಿಗೆ ಎಂಟು ತಿಂಗಳು. ಹಾಲುಣಿಸಿ ಬರಲು ಊಟದ ಬಿಡುವನ್ನೇ ಬಳಸಿಕೊಳ್ಳಿ ಎನ್ನುತ್ತಾರೆ.
(ಬಾಗಲಕೋಟೆ)

ಉತ್ತರ: ಹಾಗೆ ಹೇಳುವುದು ತಪ್ಪು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೊಟ್ಟ ಹಕ್ಕೇ ಬೇರೆ. ವಿಶ್ರಾಂತಿಯ ಬಿಡುವಲ್ಲದೆ, ಅದರ ಜೊತೆಗೆ, ದಿನಕ್ಕೆ ಎರಡು ಸಲ ಹಾಲುಣಿಸುವ ಬಿಡುವು, ಮಗುವಿಗೆ 15 ತಿಂಗಳು ತುಂಬುವವರೆಗೆ. "ಜೊತೆಗೆ" ಎಂಬ ಮಾತಿನ ಕೆಳಗೆ ಗೆರೆ ಎಳೆದು ಅರ್ಜಿ ಬರೆಯಿರಿ. ಮಗುವಿನ ಜನನ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ನಿಮಗೆ ಬೇಕಾದ ಎರಡು ಸಮಯವನ್ನು ನೀವೇ ಸೂಚಿಸಿ, ಇನ್ನೊಂದು ಪ್ರತಿಗೆ ಕಚೇರಿಯ ಮುದ್ರೆ ಹಾಕಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ಬೇಸಿಗೆಯಲ್ಲಿ ಮುಂಜಾನೆ ಸಾಲಿ. ಏಳಕ್ಕೆ ಮನೆ ಬಿಟ್ಟರೆ ಒಂದಕ್ಕೆ ಮನೆ. ನಡುವೆ ಬಿಡುವೇ ಇಲ್ಲ, ತಲೆ ಸುತ್ತುತ್ತದೆ. ಡಬ್ಬಿಗೆ ಏನು ಒಯ್ಯಲಿ?
(ಸಿಂದಗಿ)

ಉತ್ತರ: 9.30ರ ಆಸುಪಾಸು 20 ನಿಮಿಷದ ಬಿಡುವು ಕೇಳಿ. ಬಿಸಿಲು ಏರುವ ಮುಂಚಿನ ಹೊತ್ತು ಅದು, ಮೂಗಿನ ರಕ್ತ, ತಲೆಸುತ್ತಿನ ಮಕ್ಕಳು ಬರುವುದು ಆಮೇಲೆ. ಡಬ್ಬಿಗೆ ಮೆತ್ತನ್ನ ರೊಟ್ಟಿ ಬೇಡ, ಎರಡು ತಾಸಿಗೆ ಚರ್ಮದಂತಾಗಿ ಅಗಿಯುವುದರಲ್ಲೇ ಬಿಡುವು ಮುಗಿಯುತ್ತದೆ. ಕಟಕ್ ರೊಟ್ಟಿ ಎರಡು, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ರೊಟ್ಟಿ ಮುರಿದು ಮೊಸರಿನಲ್ಲಿ ಹಾಕಿ ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ, ಅಷ್ಟರಲ್ಲಿ ಕೈ ತೊಳೆದುಕೊಂಡು ಬನ್ನಿ. ಯಾರಾದರೂ ಕರೆದು ಎದ್ದು ಹೋದರೂ ಮುಚ್ಚಿಟ್ಟ ಬಟ್ಟಲು ಹತ್ತು ನಿಮಿಷದಲ್ಲಿ ಕೆಡುವುದಿಲ್ಲ. ಮೊಸರು ಹಿಂದಿನ ರಾತ್ರಿ ಹೆಪ್ಪು ಹಾಕಿದ್ದೇ ಆಗಿರಲಿ, ಸ್ಟೀಲ್ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿಡಿ. ಕುಡಿಯುವ ನೀರು ಒಂದು ಲೀಟರ್ ಬೇರೆಯೇ ಒಯ್ಯಿರಿ, ಮನೆಗೆ ಹೊರಡುವ ಮುಂಚೆ ಆ ಬಾಟಲಿ ಖಾಲಿಯಾಗಿರಬೇಕು.